ಬಿದ್ದ ಬಿಲ್ಲೆಗಳ ಜಾಗ

ಓವಾರ್ ಊರಿನ ಗೋಡೆಗಳಿಗೆ ನೀಲಿ ಬಿಲ್ಲೆಗಳ ಅಂಗಿ.
ಉಪ್ಪುಗಾಳಿಗೆ ಒಂದೊಂದೇ ಗುಂಡಿ ಕಿತ್ತು ಬೀಳುತ್ತದೆ.
ಬಿದ್ದದ್ದನ್ನು ಮತ್ತೆ ಕೂರಿಸುವುದು ನಮ್ಮ ಕೆಲಸ:
ಎರ್ಮೆಲಿಂಡಾಳದು ನಲವತ್ತೆಂಟು ವರ್ಷದಿಂದ,
ನನ್ನದು ಹೋದ ಈಸ್ಟರಿನಿಂದ.

ಚಳಿಗಾಲದಲ್ಲಿ ಅವಳ ನೋಟದ ನಟ್ಟನಡುವೆ
ಬೂದಿಬಣ್ಣದ ಕಾಸೊಂದು ಬಂದು ಕೂತಿತು.
ನನ್ನ ಕಿವಿ ಕಾಣುತ್ತದಂತೆ, ಮೂಗು ಕಾಣದು.
ಗಡಿಯಾರಕ್ಕೆ ಅಂಚು ಉಂಟು, ಮುಳ್ಳಿಲ್ಲ.
ಆಮೇಲೊಂದು ಬೆಳಿಗ್ಗೆ, ಸುಣ್ಣ ಕಲಸುತ್ತ ಕಲಸುತ್ತ,
ಬಾಗಿಲು ಮುಚ್ಚು ಅಂದಳು.
"ಕಪಾಟಿನ ಮೇಲೆ ಗೇಣುದ್ದದ ಹೆಂಗಸರು, ಝಸಿಂತು,
ಹಸಿರು ಲಂಗ, ತಲೆಯ ಮೇಲೆ ಮೀನಿನ ಬುಟ್ಟಿ.
ಸದ್ದಿಲ್ಲ. ನನ್ನ ಕಡೆ ತಿರುಗಿಯೂ ನೋಡರು, ಬಿನ್ನಾಣಗಿತ್ತಿಯರು.
ಇಲ್ಲ ಅಂತ ಗೊತ್ತು. ಆದರೂ ಇದ್ದಾರೆ.
ಮಗಳಿಗೆ ಹೇಳಬೇಡ."

ನಾನೂ ನೋಡಿದೆ. ಅಂಟಿನ ಡಬ್ಬಿ, ಎರಡು ಕುಂಚ,
ನಾನೇ ಅರ್ಧ ತಿಂದಿಟ್ಟ ಬ್ರೆಡ್ಡು.

ಪೋರ್ತುವಿನ ಕಣ್ಣಿನ ವೈದ್ಯೆ ನಗಲಿಲ್ಲ,
ಗಾಬರಿಯಾಗಲೂ ಇಲ್ಲ.
ಕಣ್ಣು ಕಳಿಸುವುದು ಚಿತ್ರವನ್ನಲ್ಲ, ಅಂದಳು,
ಬರೀ ಮಿಡಿತ, ಅದೂ ಚೂರುಚೂರು:
ಇಲ್ಲಿ ಗೆರೆ, ಇಲ್ಲಿ ಅಂಚು, ಅಲ್ಲೇನೋ ಅಲುಗಿತು.
ಬಲಗಡೆ ಕಂಡದ್ದು ಎಡಕ್ಕೆ, ಎಡದ್ದು ಬಲಕ್ಕೆ ಹೋಗಿ,
ತಲೆಯ ಹಿಂಬದಿಯ ಆ ಕತ್ತಲೆ ಕೋಣೆಯಲ್ಲಿ
ಜೋಡಿಸಿಟ್ಟ ಮೇಲೆಯೇ ಬೆಳಗಾಗುವುದು.
ಈಗ ನಡುವಿನಿಂದ ಸುದ್ದಿ ಬರುವುದು ನಿಂತಿದೆ.
ಸುಮ್ಮನೆ ಕೂರಲು ಬಾರದ ಮಿದುಳು
ಹಳೆಯ ದಾಸ್ತಾನಿನಿಂದ ತೆಗೆತೆಗೆದು ತುಂಬುತ್ತಿದೆ.
ಹುಚ್ಚಲ್ಲ, ಅಮ್ಮ.

ವಾಪಸು ರೈಲಿನಲ್ಲಿ ಎರ್ಮೆಲಿಂಡಾಗೆ ನಗುವೋ ನಗು.
"ಹಾಗಾದರೆ ಅದರದ್ದೂ ನಮ್ಮದೇ ಕಸುಬು!
ಗೋಡೆಗೆ ತೂತು ಬಿದ್ದರೆ ನಾನೇನು ಮಾಡುತ್ತೇನೆ?
ಸುತ್ತಲ ನಾಲ್ಕು ನೆರೆಯವರನ್ನು ಕೇಳುತ್ತೇನೆ,
ಬಳ್ಳಿ ಎಲ್ಲಿಂದ ಬಂತು, ಎತ್ತ ಹೊರಟಿತ್ತು ಅಂತ."

ನನ್ನ ತಲೆ ಹಾಗೆಲ್ಲ ಇಲ್ಲ, ಅಂದೆ.
ಪತ್ರಿಕೆಯ ಖಾಲಿ ಅಂಚಿನಲ್ಲಿ, ಬೆರಳಳತೆಯಲ್ಲೇ,
ಎಡಕ್ಕೊಂದು ಶಿಲುಬೆ ಬರೆದಳು, ಬಲಕ್ಕೊಂದು ಗೆರೆ,
ಗೆರೆಯ ಮಧ್ಯೆ ಕಡಲೆಕಾಳಿನಷ್ಟು ಬಿಟ್ಟು.
"ಎಡಗಣ್ಣು ಮುಚ್ಚು. ಶಿಲುಬೆಯನ್ನೇ ನೋಡು.
ಹತ್ತಿರ ತಾ. ಇನ್ನೂ. ಕಳ್ಳ, ಕಣ್ಣು ಹೊರಳಿಸಬೇಡ."

ಬಿಟ್ಟ ಜಾಗ ಮಾಯ.
ಗೆರೆ ಕೂಡಿಕೊಂಡಿತ್ತು, ಅವಳು ಎಳೆಯದ ಗೆರೆ.

ಹುಟ್ಟಿದಾಗಿನಿಂದ ಅಲ್ಲೊಂದು ತೂತಿದೆಯಂತೆ,
ನರ ಕಣ್ಣಿನಿಂದ ಹೊರಗೆ ಹೋಗುವ ಬಾಗಿಲು.
ಹತ್ತೊಂಬತ್ತು ವರ್ಷ ಅದನ್ನು ಮುಚ್ಚುತ್ತ ಬಂದದ್ದು ಯಾರು,
ಕೂಲಿ ಕೇಳದೆ, ರಸೀದಿ ಕೊಡದೆ?
ಎಷ್ಟು ಮುಖಗಳಿಗೆ, ಎಷ್ಟು ಬೀದಿಗಳಿಗೆ
ತೇಪೆ ಹಾಕಿ ನನಗೆ ಒಪ್ಪಿಸಿದ್ದಾರೋ.
ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ.
ಪರಾಂಬರಿಸಬೇಕಾದವನೇ ತೇಪೆಗಾರನಾದರೆ?

ಸ್ಟೇಷನ್ನಿನಿಂದ ಮನೆಗೆ ನೇರ ಹೋಗಲಿಲ್ಲ.
ಔಷಧಿ ಅಂಗಡಿಯ ಎದುರು ನಿಲ್ಲಿಸಿ ಅಂದಳು:
"ಇಪ್ಪತ್ತಾರನೆಯ ವಯಸ್ಸಿನಲ್ಲಿ, ಜ್ವರದಲ್ಲಿ,
ಇಲ್ಲೊಂದು ಬಿಲ್ಲೆ ತಿರುಚಿ ಕೂರಿಸಿದ್ದೇನೆ. ಹುಡುಕು."
ಸಾಲು ಸಾಲು ಹುಡುಕಿದೆ. ದೀಪ ಹತ್ತುವವರೆಗೆ ಹುಡುಕಿದೆ.
ಬಳ್ಳಿ ಎಲ್ಲೂ ಕಡಿಯದೆ ಹರಿದಿತ್ತು.
ಈ ಊರಿನ ಅಷ್ಟೂ ತಲೆಗಳು ಸೇರಿ
ನಲವತ್ತೈದು ವರ್ಷ ಅವಳ ತಪ್ಪನ್ನು ತಿದ್ದಿಕೊಂಡು ನಡೆದಿವೆ.

ಅವಳು ಮುಖವನ್ನು ಕಡಲಿನ ಕಡೆ ತಿರುಗಿಸಿದಳು,
ಗೋಡೆ ಬೇಡವೆಂಬಂತೆ.
ಉಳಿದಿರುವ ಕಣ್ಣಂಚಿನಿಂದ ಇಣುಕಿ, ಬೆರಳು ಚಾಚಿದಳು:
ಮೂರನೆಯ ಸಾಲು, ಕಿಟಕಿಯ ಕೆಳಗೆ.
ಹೌದು. ಅಲ್ಲಿ ಎಲೆಯೊಂದು ಬಂದ ದಾರಿಗೇ ವಾಪಸು ಹೊರಟಿತ್ತು.
ಇನ್ನು ನನಗೆ ಆ ಗೋಡೆಯಲ್ಲಿ ಬೇರೇನೂ ಕಾಣುವ ಹಾಗಿಲ್ಲ.

ಬುಟ್ಟಿಯವರು? ಕೇಳಿದೆ, ತೋಳು ಕೊಡುತ್ತ.
"ನಿನ್ನ ಕಾಲ ಬಳಿಯೇ ಹೋಗುತ್ತಿದ್ದಾರಲ್ಲ," ಅಂದಳು,
"ಸ್ವಲ್ಪ ಸರಿ."

ಸರಿದೆ.